ರೋಬೋಟ್ ಕಂಡು ಹಿಗ್ಗುವ ಮಗು, ಪಕ್ಕದಲ್ಲಿ ಕೂರುವ ತಾಯಿ

ಆಟಿಸಂ (ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರುವ ಮಕ್ಕಳು ಮನುಷ್ಯರೊಂದಿಗಿಂತ ರೋಬೋಟ್‌ಗಳೊಂದಿಗೆ ಬೇಗ ಬೆರೆಯುತ್ತಾರೆ ಎಂದು ಎಲ್ಲೋ ಓದಿದವರು, ಈ ಮಕ್ಕಳಿಗೆ ಜನರ ಮೇಲೆ ಪ್ರೀತಿಯೇ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ನನ್ನ ಅಕ್ಕನ ಮಗನಿಗೂ ಆಟಿಸಂ ಇರುವುದರಿಂದ ಈ ಮಾತು ನನ್ನನ್ನು ನೋಯಿಸುತ್ತದೆ. ಅದು ನಿಜವೂ ಅಲ್ಲ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ 2005ರಿಂದ ರೂಪುಗೊಳ್ಳುತ್ತ ಬಂದ ಕ್ಯಾಸ್ಪರ್ ಎಂಬ ರೋಬೋಟ್ ಚಿಕ್ಕ ಮಗುವಿನ ಗಾತ್ರದ್ದು. ಅದರ ಮುಖವನ್ನು ಬೇಕೆಂದೇ ಸರಳವಾಗಿ ಮಾಡಿದ್ದಾರೆ. ನಮ್ಮ ಮುಖದಲ್ಲಿ ಹುಬ್ಬು, ಕಣ್ಣು, ತುಟಿಗಳೆಲ್ಲ ಒಟ್ಟಿಗೆ ಬದಲಾಗುತ್ತವೆ, ದನಿಯೂ ಬದಲಾಗುತ್ತದೆ; ಇದನ್ನೆಲ್ಲ ಒಮ್ಮೆಗೇ ಅರ್ಥಮಾಡಿಕೊಳ್ಳುವುದು ಈ ಮಕ್ಕಳಲ್ಲಿ ಹಲವರಿಗೆ ಕಷ್ಟ. ಕ್ಯಾಸ್ಪರ್ ಕೆಲವೇ ಭಾವಗಳನ್ನು, ಎಷ್ಟು ಸಲ ಬೇಕಾದರೂ ಒಂದೇ ರೀತಿಯಲ್ಲಿ ತೋರಿಸುತ್ತದೆ. ಕಚಗುಳಿಯಿಟ್ಟರೆ ನಗುತ್ತದೆ, ಜೋರಾಗಿ ಹೊಡೆದರೆ ನೋವಾಯಿತೆನ್ನುತ್ತದೆ. ತನ್ನ ಕೈಯ ಬಿರುಸಿಗೂ ಎದುರಿನವರ ನೋವಿಗೂ ಇರುವ ನಂಟನ್ನು ಮಗು ಬೈಗುಳದ ಭಯವಿಲ್ಲದೆ ಮತ್ತೆ ಮತ್ತೆ ಪರೀಕ್ಷಿಸಬಹುದು. ಹಾಗೆಂದು ಎಲ್ಲ ಮಕ್ಕಳೂ ಹಿಗ್ಗುವುದಿಲ್ಲ. ಮೋಟಾರಿನ ಸದ್ದಿಗೇ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಅದು ಹಿಂಸೆಯೇ.

ಕೊಪ್ಪಳದ ನಮ್ಮ ಮನೆಯಲ್ಲಿ ರೋಬೋಟ್ ಇಲ್ಲ, ಅತ್ತಿಂದಿತ್ತ ತಿರುಗುವ ಟೇಬಲ್ ಫ್ಯಾನ್ ಇದೆ. ಗಾಳಿ ತನ್ನ ಕಡೆ ಬರುವ ಹೊತ್ತಿಗೆ ಅಕ್ಕನ ಮಗ ತುದಿಗಾಲಲ್ಲಿ ನಿಂತು, ಕಣ್ಣಿನ ಪಕ್ಕದಲ್ಲಿ ಬೆರಳುಗಳನ್ನು ಪಟಪಟ ಆಡಿಸುತ್ತಾನೆ. ಮುಖದಲ್ಲಿ ನಗು ಇರುವುದಿಲ್ಲ. ನೆಂಟರು ಅದನ್ನು ಕೆಟ್ಟ ಚಟವೆಂದು ಕೈ ಹಿಡಿದು ನಿಲ್ಲಿಸುತ್ತಾರೆ, ಆದರೆ ಅವನ ಸಂತೋಷ ಇರುವುದೇ ಆ ಬೆರಳುಗಳಲ್ಲಿ. ಅಕ್ಕ ಪಕ್ಕದಲ್ಲಿ ಕುಳಿತು, ಗಾಳಿ ಬರುವುದಕ್ಕೆ ತುಸು ಮುಂಚೆ “ಬಂತ್ ನೋಡಪಾ, ಬಂತ್” ಎನ್ನುತ್ತಾಳೆ. ಈಗೀಗ ಅವಳು ಸುಮ್ಮನಿದ್ದರೆ ಅವನೇ ತಿರುಗಿ ಅವಳ ಮುಖ ನೋಡುತ್ತಾನೆ.

ಯೇಲ್ ವಿಶ್ವವಿದ್ಯಾಲಯದ ಬ್ರಯಾನ್ ಸ್ಕ್ಯಾಸಲಾಟಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾನು ಹುಡುಕಿದ್ದೂ ಇದನ್ನೇ. 12 ಮಕ್ಕಳ ಮನೆಗಳಲ್ಲಿ ಒಂದು ತಿಂಗಳ ಕಾಲ, ದಿನಕ್ಕೆ 30 ನಿಮಿಷ ರೋಬೋಟ್‌ನೊಂದಿಗೆ ಆಟ ನಡೆಯಿತು, ಪಾಲಕರೂ ಜೊತೆಗೆ ಕೂಡುತ್ತಿದ್ದರು. ಇನ್ನೊಬ್ಬರು ಗಮನಿಸುತ್ತಿರುವುದನ್ನು ಅವರೊಂದಿಗೆ ತಾನೂ ಗಮನಿಸುವ ಕೌಶಲ, ರೋಬೋಟ್ ಎದುರಿಗಿಲ್ಲದಾಗಲೂ ದೊಡ್ಡವರ ಜೊತೆ ಸುಧಾರಿಸಿತು. ಅಧ್ಯಯನ ಚಿಕ್ಕದು, ನಿಜ. ಆದರೂ ಪಾಲಕರು ಆ ಕೋಣೆಯಲ್ಲಿ ಇದ್ದರೆಂಬುದನ್ನು ಮರೆತು ರೋಬೋಟನ್ನಷ್ಟೇ ಹೊಗಳುವುದು ತಪ್ಪೆಂದು ನನಗೆ ಅನ್ನಿಸುತ್ತದೆ.

ಅಕ್ಕ ಇಂದಿಗೂ ಮಗನನ್ನು ಥೆರಪಿಗೆಂದು ರೈಲಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾಳೆ. ನಮ್ಮ ಜಿಲ್ಲೆಯ ಮಕ್ಕಳಿಗೆ ರೋಬೋಟ್ ಕೊಡಿಸಲು ಯಾರಾದರೂ ಮನಸ್ಸು ಮಾಡಿದರೆ, ಅದರ ಪಕ್ಕದಲ್ಲಿ ಕುಳಿತು ಮಗುವನ್ನೂ ತಾಯಿಯನ್ನೂ ಆಟಕ್ಕೆ ಕರೆಯಬಲ್ಲ ಒಬ್ಬ ಸ್ಪೀಚ್ ಥೆರಪಿಸ್ಟ್‌ರ ಸಂಬಳಕ್ಕೆ ಮೊದಲು ಹಣ ಎತ್ತಿಡಬೇಕೆಂದು ಕೇಳಿಕೊಳ್ಳುತ್ತೇನೆ.