ಕನ್ನಡ ಎಂ.ಎ. ಓದಿದವರಿಗೆ ಪ್ರೋಗ್ರಾಮಿಂಗ್ ಬರುತ್ತಾ?

ದಾವಣಗೆರೆಯಲ್ಲಿ ಯಾವ ಸೆಮಿನಾರ್‌ಗೆ ಹೋದರೂ ಟೀ ಹೊತ್ತಿಗೆ ಯಾರಾದರೂ ಬಂದು ಇದನ್ನೇ ಕೇಳುತ್ತಾರೆ. ‘ಮೇಡಂ, ನಂದು ಕನ್ನಡ ಎಂ.ಎ. ಪಿಯುಸಿಲಿ ಆರ್ಟ್ಸ್. ಭಾಷೆ ಮೇಲೆ ಪಿಎಚ್.ಡಿ. ಮಾಡ್ತಿದೀನಿ. ಪ್ರೋಗ್ರಾಮಿಂಗ್ ಕಲೀಬಹುದಾ? ಎಲ್ಲಿಂದ ಶುರು ಮಾಡ್ಲಿ?’

ಖಂಡಿತ ಕಲಿಯಬಹುದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸಾಕು. ಶುರುವಿಗೆ ಗಣಿತ ಜಾಸ್ತಿ ಬೇಡ. ಲ್ಯಾಪ್‌ಟಾಪ್ ಇಲ್ಲದಿದ್ದರೆ, ಪೈಥಾನ್ ಬರೆದು ಓಡಿಸಲು ಇರುವ ಗೂಗಲ್ ಕೋಲ್ಯಾಬ್ ಅನ್ನುವ ವೆಬ್‌ಸೈಟ್ ಮೊಬೈಲ್ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಮೊದಲೇ ಆರು ತಿಂಗಳ ಕೋರ್ಸ್‌ಗೆ ಸೇರಬೇಡಿ. ನಿಮ್ಮ ಹತ್ತಿರ ಈಗಾಗಲೇ ಇರುವ ಬರಹ ತಗೊಳ್ಳಿ. ನೀವೇ ಕೈಯಲ್ಲಿ ಎಣಿಸಿ ನೋಡಬಹುದಾದ ಒಂದು ಸಣ್ಣ ಪ್ರಶ್ನೆ ಹಾಕಿಕೊಳ್ಳಿ.

ನಾನು ಶುರು ಮಾಡಿದ್ದು ಮಂಡಕ್ಕಿ ಭಟ್ಟಿಯವರ ಮಾತಿನಿಂದ. ಅಲ್ಲಿ ಕೆಲಸ ಮಾಡುವ ಹೆಂಗಸರ ಮಾತನ್ನು ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ, ಹನ್ನೆರಡು ಪುಟ ಟೈಪ್ ಮಾಡಿದ್ದೆ. ಅದರಲ್ಲಿ ‘ಐತಿ’ಯೂ ಇತ್ತು, ‘ಐತೆ’ಯೂ ಇತ್ತು. ಒಬ್ಬರ ಬಾಯಲ್ಲೇ ಎರಡೂ ಬರುತ್ತಿತ್ತು. ಯಾವುದು ಜಾಸ್ತಿ? ಇಷ್ಟೇ ನನ್ನ ಪ್ರಶ್ನೆ.

ಮೊದಲ ಎರಡು ಪುಟ ಪೆನ್ಸಿಲ್ ಹಿಡಿದು ಎಣಿಸಿದೆ. ‘ಐತಿ’ 19 ಸಲ. ಆಮೇಲೆ ಪೈಥಾನ್‌ಗೆ ಹುಡುಕಲು ಹೇಳಿದೆ. 6 ಅಂದಿತು. ಮತ್ತೆ ಎಣಿಸಿದೆ, 19ಕ್ಕೆ 19. ಒಂದು ಸಂಜೆಯೆಲ್ಲ ಆ ಎರಡು ಪುಟ ಹಿಡಿದು ಕೂತೆ. ಕೊನೆಗೆ ಒಂದು ಸಾಲಿನಲ್ಲಿ ಕಣ್ಣು ನಿಂತಿತು: ‘ಉಸುಕು ಕಾದೈತಿ, ಅಕ್ಕಿ ಹಾಕು.’

‘ಕಾದು’ ಮತ್ತು ‘ಐತಿ’ ಸೇರಿ ‘ಕಾದೈತಿ’ ಆಗಿದೆ. ಉಕಾರ ಬಿದ್ದುಹೋಗಿ ಐಕಾರ ದಕಾರದ ಮೇಲೆ ಕೂತಿದೆ. ಸ್ಕೂಲಿನಲ್ಲಿ ಕಲಿತ ಲೋಪಸಂಧಿ! ನಮ್ಮ ಕಿವಿಗೆ ಎರಡೂ ಒಂದೇ ‘ಐ’. ಆದರೆ ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಗುರುತಿಸುತ್ತದೆ; ಆ ಸಂಖ್ಯೆಗಳ ಪಟ್ಟಿಯೇ ಯೂನಿಕೋಡ್. ಅದರಲ್ಲಿ ಬಿಡಿಯಾಗಿ ಬರೆಯುವ ‘ಐ’ಗೆ ಒಂದು ಸಂಖ್ಯೆ, ವ್ಯಂಜನಕ್ಕೆ ಹತ್ತುವ ‘ೈ’ ಗುರುತಿಗೆ ಬೇರೆ ಸಂಖ್ಯೆ. ‘ಬಂದೈತಿ’, ‘ಹೋಗೈತಿ’, ಎಲ್ಲವನ್ನೂ ಪೈಥಾನ್ ದಾಟಿಕೊಂಡು ಹೋಗಿತ್ತು. ‘ೈತಿ’ ಇರುವುದನ್ನೂ ಹುಡುಕು ಅಂದೆ. 19 ಬಂತು. ಅವತ್ತಿನ ಖುಷಿ ಇವತ್ತಿಗೂ ನೆನಪಿದೆ. ಆಮೇಲೆ ಒಂದು ಪತ್ರಿಕೆಯ ಲೇಖನದ ಮೇಲೆ ಅದನ್ನೇ ಓಡಿಸಿದರೆ ‘ನೈತಿಕ’ವನ್ನೂ ಎಣಿಸಿಕೊಂಡಿತು. ಪದದ ಕೊನೆಯಲ್ಲಿದ್ದರೆ ಮಾತ್ರ ತಗೋ ಅಂತ ತಿದ್ದಿದೆ. ಹೀಗೆ ಪದದ ಮಾದರಿ ಹೇಳಿ ಹುಡುಕಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಅನ್ನುವುದನ್ನು ನಾನು ಕಲಿತದ್ದೇ ಹೀಗೆ.

ಇಂಥವು ಇನ್ನೂ ಸಿಗುತ್ತವೆ. ‘ಕನ್ನಡ’ ಎಷ್ಟು ಅಕ್ಷರ ಅಂತ ಕೇಳಿ. ನಮಗೆ ಮೂರು, ಪೈಥಾನ್‌ಗೆ ಐದು: ಕ, ನ, ಒತ್ತಕ್ಷರಕ್ಕೆ ಹಾಕುವ ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ. ಛಂದಸ್ಸಿನ ಮೇಲೆ ಕೆಲಸ ಮಾಡುವವರು ಇದನ್ನು ಮೊದಲೇ ತಿಳಿದಿರಬೇಕು. ಪದಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಅಂದರೆ ‘ಮಳೆ’ಯನ್ನು ‘ಮಸಿ’ಗಿಂತ ಮುಂಚೆ ಇಡುತ್ತದೆ. ನಿಘಂಟಿನಲ್ಲಿ ಳ ಬರುವುದು ಹ ಆದಮೇಲೆ, ಯೂನಿಕೋಡ್‌ನಲ್ಲಿ ಅದು ಲ ಪಕ್ಕದಲ್ಲೇ ಇದೆ. ಇವನ್ನು ನೋಡಿದ ತಕ್ಷಣ ತಪ್ಪು ಅನ್ನಿಸಬೇಕಾದರೆ ಕನ್ನಡ ಚೆನ್ನಾಗಿ ಗೊತ್ತಿರಬೇಕು. ಅದು ನಿಮಗಿದೆ, ಅಲ್ವಾ?

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಫೈಲ್‌ಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ, ಒಳಗಿನ ಸಂಖ್ಯೆಗಳೇ ಬೇರೆ ಇರುವುದರಿಂದ, ಹುಡುಕಿದ ಪದ ಒಂದೂ ಸಿಗುವುದಿಲ್ಲ. ಬದಲಿಸಿದ ಮೇಲೆ ಒಂದೆರಡು ಪುಟವನ್ನಾದರೂ ಮೂಲದ ಜೊತೆ ಇಟ್ಟು ಓದಿ.

ಫೈಲ್ ತೆರೆಯುವುದು, ಸಾಲನ್ನು ಪದಗಳಾಗಿ ಒಡೆಯುವುದು, ಹುಡುಕುವುದು, ಎಣಿಸುವುದು. ಮೊದಲ ಎರಡು ತಿಂಗಳಿಗೆ ಇಷ್ಟು ಬೇಕಾದಷ್ಟಾಯಿತು. ಕೋಡ್ ಬರೆದುಕೊಡುವ ಎಐ ಬಳಸಿದರೂ ಪೆನ್ಸಿಲ್ ಲೆಕ್ಕ ಬಿಡಬೇಡಿ.

ನನ್ನ ಹನ್ನೆರಡು ಪುಟ ಈಗ ನೂರು ದಾಟಿದೆ. ಪ್ರತಿ ಸಾಲಿನ ಮುಂದೆ ಮಾತಾಡಿದವರ ಊರು ಬರೆಯುತ್ತಿದ್ದೇನೆ. ಜಗಳೂರು ಕಡೆಯವರ ಬಾಯಲ್ಲಿ ‘ಐತೆ’ ಎಷ್ಟು, ಹರಿಹರದ ಕಡೆಯವರ ಬಾಯಲ್ಲಿ ‘ಐತಿ’ ಎಷ್ಟು ಅಂತ ಎಣಿಸಬೇಕು.