ಬಚ್ಚಲಮನೆಯ ಗೋಡೆಗೆ ದೊಡ್ಡ ಕನ್ನಡಿ

ಧಾರವಾಡದ ನಮ್ಮ ಮನೆಯ ಬಚ್ಚಲಿನಲ್ಲಿ 4 ಅಡಿ ಅಗಲ, 3 ಅಡಿ ಎತ್ತರದ, ಚೌಕಟ್ಟಿಲ್ಲದ ಕನ್ನಡಿಯನ್ನು ಕೂರಿಸುವಾಗ ನಾನು ಹೆಚ್ಚು ಗಮನ ಕೊಟ್ಟದ್ದು ಅದರ ಬೆನ್ನಿಗೆ. 5 ಮಿ.ಮೀ. ದಪ್ಪದ ಅಂಥ ಗಾಜು ಸುಮಾರು 14 ಕಿಲೋ ತೂಗುವುದರಿಂದ, ಭಾರವನ್ನೆಲ್ಲ ಅಂಟಿನ ಮೇಲೆ ಬಿಡದೆ, ರಸಮಟ್ಟ ಹಿಡಿದು ಗೋಡೆಗೆ ಅಲ್ಯೂಮಿನಿಯಂ ಪಟ್ಟಿಯನ್ನು ಬಿಗಿದು, ಕನ್ನಡಿಯ ಕೆಳಗಿನ ಅಂಚನ್ನು ಅದರೊಳಗೆ ನಿಲ್ಲಿಸಿದೆವು.

ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಇಲ್ಲಿ ಖಂಡಿತ ಸಲ್ಲದು. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲವು ಹಿಂಬದಿಯ ಬೆಳ್ಳಿಲೇಪವನ್ನು ತಿಂದು ಕಪ್ಪು ಕಲೆ ಮಾಡುತ್ತದೆ. ಆದ್ದರಿಂದ ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನನ್ನೇ ಕೇಳಿ ತರಿಸಿ, ಮೇಲಿನಿಂದ ಕೆಳಕ್ಕೆ ನೇರ ಗೆರೆಗಳಾಗಿ ಹಚ್ಚಿಸಿದೆ. ಅಡ್ಡಡ್ಡ ಹಚ್ಚಿದರೆ ನೀರು ಅಲ್ಲೇ ತಂಗುತ್ತದೆ, ಗಾಳಿಯೂ ಆಡುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಬಚ್ಚಲು ಬೇಗ ಆರುವುದೇ ಇಲ್ಲ. ಅಂಟು ಹಿಡಿಯುವವರೆಗೆ ಮೇಲಂಚನ್ನು ಟೇಪಿನಿಂದ ಗೋಡೆಗೆ ಭದ್ರಪಡಿಸಿದ್ದೆವು.