ಕೆಂಪು ಧೂಳು, ಒಂದು ಚೊಂಬು ಮಜ್ಜಿಗೆ

ಬೀದರ್‌ನ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ನೆಲ ಬೇಸಿಗೆಯಲ್ಲಿ ಹಿಟ್ಟಿನಂತೆ ಏಳುತ್ತದೆ. ಇವತ್ತಿನ ದೀರ್ಘ ದೂರದ ಮೌಂಟೇನ್ ಬೈಕ್ ರೇಸಿನಲ್ಲಿ ಮುಂದಿನವರ ಚಕ್ರವೇ ಕಾಣದಷ್ಟು ಧೂಳು, ಹಲ್ಲಿನ ಸಂದಿಯಲ್ಲೂ ಮಣ್ಣು. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಬರೀ ನೀರು ಸಾಲದು, ಬೆವರಿನಲ್ಲಿ ಹೋದ ಉಪ್ಪೂ ವಾಪಸ್ ಬರಬೇಕು. ಹೊಲದ ಬದುವಿನಲ್ಲಿದ್ದ ಆಯಿಯೊಬ್ಬರು ಕೂಗಿದರು: "ಇಂಥಾ ಬಿಸಲಾಗ ಎಲ್ಲಿಗ್ ಹೊಂಟಿ ತಮ್ಮಾ, ಮಜ್ಜಿಗಿ ಕುಡದು ಹೋಗು." ಚೊಂಬು ಖಾಲಿ ಮಾಡುವಷ್ಟರಲ್ಲಿ ಇಬ್ಬರು ನನ್ನನ್ನು ದಾಟಿ ಹೋದರು. ಹೋಗಲಿ ಬಿಡಿ! ನೌಬಾದ್ ಹತ್ತಿರ ಇದೇ ಜಂಬಿಟ್ಟಿಗೆ ಕಲ್ಲನ್ನು ಕೊರೆದು ಬಹಮನಿ ಕಾಲದಲ್ಲಿ ಸುರಂಗ ಬಾವಿ (ನೆಲದಡಿಯ ನೀರಿನ ಕಾಲುವೆ) ಮಾಡಿದವರಿಗೂ ಯಾರೋ ಹೀಗೇ ಮಜ್ಜಿಗೆ ಕೊಟ್ಟಿರಬೇಕು ಅನ್ನಿಸಿತು.

ಇಲ್ಲಿ ಓಡಿಸುವವರು ಚೈನಿಗೆ ದಪ್ಪ ಎಣ್ಣೆ ಹಾಕಬೇಡಿ, ಧೂಳು ಅಂಟಿ ಗೇರಿನ ಹಲ್ಲು ಸವೆಯುತ್ತವೆ. ಮೇಣದ ಲ್ಯೂಬ್ ಹಾಕಿ, ಅದೂ ಹಿಂದಿನ ರಾತ್ರಿಯೇ. ಒಣಗಲು ಸಮಯ ಬೇಕು.